ಸೂಜಿಮಾಸ್ತರನ ಹೆಬ್ಬೆರಳು

"ಸಂಜೆಯೊಳಗೆ ಎಲ್ಲರೂ ಫ್ಲೂ ಲಸಿಕೆ ತಗೋಬೇಕು. ತಗೊಳ್ಳದವರಿಗೆ ನಾಳೆಯಿಂದ ಆಂಬ್ಯುಲೆನ್ಸ್ ಇಲ್ಲ, ಕೂತು ಫೋನ್ ಎತ್ತೋ ಕೆಲಸ" ಎಂದು ಬೆಳಿಗ್ಗೆ ಸೂಪರ್‌ವೈಸರ್ ಸಾರಿದರು. ಅವರು ಇನ್ನೂ ಏನೋ ಹೇಳುವವರಿದ್ದರು. ಅಷ್ಟರಲ್ಲಿ ಸೂಜಿಮಾಸ್ತರ ಅಲ್ಲಿಂದ ಕಾಲು ಕಿತ್ತಿದ್ದ.

ಸೂಜಿಮಾಸ್ತರ ಎನ್ನುವುದು ಜೊತೆಯವರು ಮೆಚ್ಚಿ ಇಟ್ಟ ಹೆಸರು. ಗುಂಡಿಬಿದ್ದ ರಸ್ತೆಯಲ್ಲಿ ಗಾಡಿ ಓಡುತ್ತಿರುವಾಗಲೇ ಕಾಣದ ನರ ಹುಡುಕಿ ಒಂದೇ ಸಲಕ್ಕೆ ಸೂಜಿ ಇಳಿಸುವ ಕೈ ಅವನದು. ನರ ಸಿಗದಿದ್ದರೆ ತೊಡೆ, ಎದೆನೋವಿಗೆ ನಾಲಿಗೆಯಡಿ ಗುಳಿಗೆ, ಉಬ್ಬಸಕ್ಕೆ ಮಾಸ್ಕು, ಫಿಟ್ಸ್ ಬಂದವರಿಗೆ ಮೂಗಿಗೆ ಸ್ಪ್ರೇ. ಔಷಧಿ ದೇಹದೊಳಕ್ಕೆ ಹೋಗಲು ಎಷ್ಟು ಬಾಗಿಲಿವೆಯೋ ಅಷ್ಟರ ಚಿಲಕವೂ ಅವನಿಗೆ ಗೊತ್ತು. ಆದರೆ ಸೂಜಿ ಅವನ ಕಡೆಗೇ ತಿರುಗಿತೋ, ಕಣ್ಣು ಕತ್ತಲೆ. ಈ ಗುಟ್ಟನ್ನು ಅವನು ಹೆಂಡತಿಗೂ ಬಿಟ್ಟುಕೊಟ್ಟಿರಲಿಲ್ಲ.

ಗಾಡಿಯೊಳಗೆ ಹತ್ತಿ ಜೋಡಿಸುವ ನಾಟಕ ಆಡುತ್ತಿದ್ದಾಗ ಡ್ರೈವರ್ ಮೂಗುಜ್ಜುತ್ತ ಬಂದ.

"ನಿಮ್ಮದು ಆಯ್ತಾ ಮಾಸ್ತರೇ?"

"ನಂದು ಹೋದ ವಾರವೇ ಹೊರಗಡೆ ಆಯ್ತು ಕಣಯ್ಯ."

"ಹೌದಾ?" ಎಂದ ಡ್ರೈವರ್ ಮತ್ತೆ ಒಳಗೆ ಹೋಗಿ ಬಂದು ಗಾಡಿ ಹೊರಡಿಸಿದ.

ಕರೆ ಬಂದದ್ದು ಗಡಿಯಾರ ರಿಪೇರಿಯವನ ಮನೆಯಿಂದ. ಜೇನುಹುಳ ಕಚ್ಚಿ ಅವನ ಮುಖ ಊದಿ, ಉಸಿರು ಸಿಕ್ಕಿಹಾಕಿಕೊಂಡಿತ್ತು. ಅಕ್ಕಪಕ್ಕದವರೆಲ್ಲ ಅಲ್ಲೇ ಜಮಾಯಿಸಿದ್ದರು. ನೀರು ಕುಡಿಸಿ ಎಂದು ಒಬ್ಬರು, ಕುಡಿಸಲೇಬೇಡಿ ಎಂದು ಇನ್ನೊಬ್ಬರು, ಕಬ್ಬಿಣ ಉಜ್ಜಿ ಎಂದು ಮತ್ತೊಬ್ಬರು. ಸೂಜಿಮಾಸ್ತರ ಯಾರಿಗೂ ಕಿವಿಗೊಡದೆ ತೊಡೆಗೆ ಚುಚ್ಚಿ, ಆಮ್ಲಜನಕ ಹಚ್ಚಿದ. ಸ್ವಲ್ಪ ಹೊತ್ತಿಗೆ ರೋಗಿ ಕಣ್ಣುಬಿಟ್ಟ. ಜನ ಸೂಜಿಮಾಸ್ತರನನ್ನು ಹೊಗಳಿದ್ದೇ ಹೊಗಳಿದ್ದು. ಡ್ರೈವರ್ ಸ್ಟ್ರೆಚರ್ ತರಲು ಗಾಡಿಗೆ ಹೋದ.

ರೋಗಿಯ ಹೆಂಡತಿ ಒಂದು ಇಂಜೆಕ್ಷನ್ ಪೆನ್ನು ತಂದಳು. "ಅಣ್ಣಾ, ಹೀಗಾದ್ರೆ ಚುಚ್ಚಿ ಅಂತ ಡಾಕ್ಟ್ರು ಇದನ್ನ ಕೊಟ್ಟಿದ್ರು. ಗಾಬರಿಯಲ್ಲಿ ಹೇಗೆ ಅಂತಲೇ ಮರೆತುಹೋಯ್ತು. ಒಂಚೂರು ತೋರಿಸಿಕೊಡ್ತೀರಾ?"

"ಇದೇನು ಮಹಾ ಅಕ್ಕ. ಮುಚ್ಚಳ ತೆಗೆದು ತೊಡೆಗೆ ಒತ್ತಿದ್ರಾಯ್ತು."

"ತೆಗೆದೇ ತೋರಿಸಿ, ಹಿಂದಿದ್ದವರಿಗೆ ಕಾಣ್ತಿಲ್ಲ" ಎಂದರು ಕಬ್ಬಿಣದವರು.

ಹೊಗಳಿಕೆಯಿಂದ ಉಬ್ಬಿದ್ದ ಸೂಜಿಮಾಸ್ತರ ಮುಚ್ಚಳ ತೆಗೆದ. ಕಣ್ಣು ಜನರ ಮೇಲೆ, ಪೆನ್ನು ತಲೆಕೆಳಗೆ. ಮೇಲ್ತುದಿಗೆ ಹೆಬ್ಬೆರಳಿಟ್ಟು ತೊಡೆಗೆ ಒತ್ತಿದಂತೆ ಮಾಡಿದ್ದೇ ತಡ, ಟಕ್ಕೆಂದು ಸೂಜಿ ಅವನ ಹೆಬ್ಬೆರಳಿಗೇ ಇಳಿಯಿತು. ಔಷಧಿ ಏರಿ ರಕ್ತ ಓಡದೆ ಬೆರಳು ಸೀಮೆಸುಣ್ಣದ ಹಾಗೆ ಬಿಳುಪೇರಿತು. ಅವನು ಗೋಡೆಗೊರಗಿ ಕುಸಿದ.

ಸ್ಟ್ರೆಚರ್ ತಂದ ಡ್ರೈವರ್ ಇಬ್ಬರನ್ನೂ ನೋಡಿದ. "ಇದರಲ್ಲಿ ಯಾರನ್ನ ಮಲಗಿಸ್ಲಿ?"

ಕೊನೆಗೆ ರೋಗಿ ಮಲಗಿದ, ಸೂಜಿಮಾಸ್ತರ ಪಕ್ಕದಲ್ಲಿ ಕೂತ. ದಾರಿಯುದ್ದಕ್ಕೂ ರೋಗಿಯೇ ಅವನ ಬೆನ್ನು ಸವರಿದ.

ಆಸ್ಪತ್ರೆಯಲ್ಲಿ, ರಕ್ತ ಮತ್ತೆ ಓಡಲೆಂದು ಹೆಬ್ಬೆರಳಿನ ಸುತ್ತ ಇನ್ನೂ ನಾಲ್ಕೈದು ಸಲ ಚುಚ್ಚಿದರು. ಕಣ್ಣು ಬಿಗಿಯಾಗಿ ಮುಚ್ಚಿದ್ದವನು ಬಿಟ್ಟು ನೋಡಿದರೆ ಬೆರಳಿಗೆ ಕೆಂಪು ಮರಳಿತ್ತು, ಜೀವವೂ ಇತ್ತು. ಇಷ್ಟೇನಾ ಎನ್ನಿಸಿತು. ಹುಟ್ಟಿದ ಮೇಲೆ ಮೊದಲ ಸಲ ಅವನಿಗೆ ಧೈರ್ಯ ಬಂತು. ಅದು ಆರುವ ಮೊದಲೇ ಸೂಪರ್‌ವೈಸರಿಗೆ ಫೋನ್ ಹಚ್ಚಿದ.

"ಸಾರ್, ಲಸಿಕೆ ತಗೊಂಡಿದೀನಿ ಅಂತ ಡ್ರೈವರಿಗೆ ಸುಳ್ಳು ಹೇಳಿದ್ದೆ. ಸೂಜಿ ಅಂದ್ರೆ ಹೆದರಿಕೆ. ಈಗ ಬರ್ತೀನಿ, ಚುಚ್ಚಿಸಿಬಿಡಿ."

"ಯಾವ ಸೂಜಿಯೋ? ಈ ವರ್ಷದ್ದು ಮೂಗಿಗೆ ಬಿಡೋ ಸ್ಪ್ರೇ. ಅದನ್ನೇ ಹೇಳೋಕೆ ಹೊರಟೆ, ನೀನು ಮಾಯ."

ಸೂಜಿಮಾಸ್ತರನಿಗೆ ಕುಣಿಯುವಷ್ಟು ಖುಷಿಯಾಯಿತು. "ಹಾಗಾದ್ರೆ ಈಗಲೇ ಬಂದೆ ಸಾರ್."

"ಬಂದೇನು ಮಾಡ್ತೀಯ? ನಿನ್ನ ಡ್ರೈವರ್ ಮೂಗಿಗೆ ಬಿಟ್ಟಿದ್ದನ್ನೆಲ್ಲ ಸೀನಿ ಗೋಡೆಗೆ ಹಾಕ್ದ. ನಿಂದು ಹೊರಗಡೆ ಆಗಿದೆ ಅಂತ ಹೇಳಿ ನಿನ್ನ ಪಾಲಿಂದೂ ತಾನೇ ಏರಿಸ್ಕೊಂಡ. ಎಲ್ಲ ಖಾಲಿ."

ಗೋಡೆಯ ಪಕ್ಕ ನಿಂತಿದ್ದ ಡ್ರೈವರ್ ಸೂರು ನೋಡತೊಡಗಿದ.

"ಚಿಂತೆ ಬೇಡ" ಎಂದರು ಸೂಪರ್‌ವೈಸರ್. "ಆಸ್ಪತ್ರೆಯಲ್ಲೇ ಇದೀಯಲ್ಲ, ಅಲ್ಲಿ ಸೂಜಿದು ಬೇಕಾದಷ್ಟಿದೆ. ಸಿಸ್ಟರಿಗೆ ಫೋನ್ ಕೊಡು."

ಮೂಗಿನ ಸುದ್ದಿ ಕೇಳಿದ ಮೇಲೆ ಬಂದಿದ್ದ ಧೈರ್ಯವೆಲ್ಲ ಇಳಿದುಹೋಗಿತ್ತು. ಸೂಜಿಮಾಸ್ತರ ಕಟ್ಟಿದ ಹೆಬ್ಬೆರಳನ್ನು ನೋಡಿಕೊಂಡು ದನಿ ತಗ್ಗಿಸಿ ಕೇಳಿದ:

"ಸಾರ್, ಫೋನ್ ಎತ್ತೋ ಆ ಮೇಜಿನ ಹತ್ರ ಫ್ಯಾನ್ ಇದೆಯಾ?"