ಎಡಗೈಗೂ ತಿಳಿಯಬೇಕಾದ ದಾನ

ಗಂಭೀರವಾಗಿ ಹೊರಟು ನಗುತ್ತಾ ಮನೆಗೆ ಬರುವ ಕೆಲಸವೊಂದನ್ನು ಅಲ್ಲಾಹನು ನನಗೆ ನಿವೃತ್ತಿಯ ನಂತರ ಕೊಟ್ಟಿದ್ದಾನೆ. ವಾರಕ್ಕೊಂದು ಸಲವಾದರೂ ಹೀಗೆ ಆಗದೆ ಇರುವುದಿಲ್ಲ.

ಬಂಟ್ವಾಳದ ಶಾಲೆಯಲ್ಲಿ ಮಾಸ್ಟ್ರಾಗಿದ್ದವನು ಈಗ ಬಣ್ಣ ತಯಾರಿಸುವ ಕಂಪೆನಿಯೊಂದರ ಸಿಎಸ್‌ಆರ್ ಕೆಲಸ ನೋಡಿಕೊಳ್ಳುತ್ತೇನೆ. ಕಂಪೆನಿಯ ಲಾಭದಲ್ಲಿ ಒಂದು ಪಾಲು ಊರಿನ ಒಳಿತಿಗೆ ಹೋಗಬೇಕಲ್ಲ, ಆ ಕೆಲಸ. ನನ್ನ ಮಟ್ಟಿಗೆ ಅದು ನಮ್ಮ ಕಡ್ಡಾಯ ದಾನವಾದ ಝಕಾತಿನ ದೂರದ ಸಂಬಂಧಿ. ಮೊದಲೆಲ್ಲ ಸುಲಭ ಇತ್ತು. ಬಸ್ ತಂಗುದಾಣಕ್ಕೆ ಬಣ್ಣ ಬಳಿದು, ಕಂಪೆನಿಯ ಹೆಸರು ದೊಡ್ಡದಾಗಿ ಬರೆದು, ಲಡ್ಡು ಹಂಚಿದರೆ ಮುಗಿಯಿತು. ಈಗ ಬೆಂಗಳೂರಿನ ಆಫೀಸಿಗೆ ಹೊಸ ಮೇಡಂ ಬಂದಿದ್ದಾರೆ. ಅವರದ್ದು ಕಾರ್ಯತಂತ್ರ, ಟ್ಯಾಬ್, ಆ್ಯಪ್, ಡ್ಯಾಶ್‌ಬೋರ್ಡ್. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ನಮಗೆ ಮದ್ರಸದಲ್ಲಿ ಕಲಿಸಿದ್ದರು. ನಮ್ಮ ಆ್ಯಪಿನಲ್ಲಿ ಎಡಗೈ ಫೋಟೋ ತೆಗೆಯದಿದ್ದರೆ ಬಲಗೈ ಕೊಟ್ಟದ್ದು ಕೊಟ್ಟ ಹಾಗೇ ಅಲ್ಲ.

ಆದರೂ ಮೇಡಂ ಒಳ್ಳೆಯವರು. ಬಣ್ಣ ಬಿಟ್ಟು ನೀರಿಗೆ ಕೈಹಾಕಿದ್ದು ಅವರೇ. ಕಾಡಂಚಿನ ನೆರಿಯದಲ್ಲಿ ಕೆಳಗಿನ ಹನ್ನೊಂದು ಮನೆಗಳಿಗೆ ಟ್ಯಾಂಕು, ನಳ್ಳಿ ಆಯಿತು. ಗುಡ್ಡದ ಮೇಲಿನ ಮನೆಗಳಿಗೆ ಮುಂದಿನ ವರ್ಷ ಸಿಗುವುದೋ ಇಲ್ಲವೋ ಎಂಬುದು ಆ್ಯಪ್ ಕೊಡುವ ಅಂಕದ ಮೇಲೆ. ಮೇಲಿನ ಮನೆಗಳ ಹೆಂಗಸರು ಇಂದಿಗೂ ಆನೆ ಓಡಾಡುವ ದಾರಿಯಲ್ಲಿ ಕೊಡಪಾನ ಹಿಡಿದು ತೋಡಿಗೆ ಇಳಿಯುತ್ತಾರೆ. ಹಾಗಾಗಿ ಐದು ಹೊತ್ತಿನ ನಮಾಝಿನ ದುಆದಲ್ಲಿ ನಾನು ಆ ಅಂಕವನ್ನೂ ಸೇರಿಸಿಕೊಂಡಿದ್ದೆ.

ಹಸಿದು ಮಲಗಿದ ಅಮ್ಮ

ಮೇಡಂ ತಂದ ಮೊದಲ ನಿಯಮ, ಕೊಡುವ ಮೊದಲು ಜನರಿಗೆ ಏನು ಬೇಕೆಂದು ಕೇಳಬೇಕು. ಒಳ್ಳೆಯ ನಿಯಮವೇ. ಆದರೆ ಟ್ಯಾಬಿನಲ್ಲಿದ್ದ ನಲ್ವತ್ತು ಪ್ರಶ್ನೆಗಳಲ್ಲಿ ಒಂದನ್ನೂ ಬಿಡುವ ಹಾಗಿಲ್ಲ, ಯಾವ ಮನೆಯಾದರೂ ಸರಿ.

ಮೂಡುಬಿದಿರೆಯ ಹತ್ತಿರ ಒಂದು ದೊಡ್ಡ ಮನೆ. ಗದ್ದೆಯುಂಟು, ಹಟ್ಟಿ ತುಂಬ ದನ ಉಂಟು, ಅಂಗಳದಲ್ಲಿ ಎರಡು ಕಾರು ಉಂಟು. ಮನೆಯ ಹಿರಿಯಮ್ಮ ನನ್ನನ್ನು ಕೂರಿಸಿ, ಎಳನೀರು ಕೊಟ್ಟು, ಕೇಳಿದ್ದಕ್ಕೆಲ್ಲ ತಾಳ್ಮೆಯಿಂದ ಉತ್ತರಿಸಿದರು. ಹದಿನೇಳನೆಯ ಪ್ರಶ್ನೆ ಬಂತು. ಕಳೆದ ಏಳು ದಿನಗಳಲ್ಲಿ ಯಾವತ್ತಾದರೂ ಹಸಿದು ಮಲಗಿದ್ದೀರಾ? ನಾನು ನಾಚಿಕೊಂಡೇ ಓದಿದೆ. ಅವರು ಹೌದು ಎಂದರು. ಮಂಗಳವಾರ ಎಂದೂ ಸೇರಿಸಿದರು.

ಅಂದು ಸಂಕಷ್ಟಿ. ಮೋಡ ಕವಿದು ಚಂದ್ರ ಕಾಣಲಿಲ್ಲ. ಚಂದ್ರ ಕಾಣದೆ ಅವರು ಬಾಯಿಗೆ ಏನೂ ಹಾಕುವವರಲ್ಲ. ನನಗೆ ಅರ್ಥವಾಯಿತು. ಚಂದ್ರನಿಗಾಗಿ ಆಕಾಶ ನೋಡುವ ಕಷ್ಟ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಆ್ಯಪಿಗೆ ಚಂದ್ರನೂ ಇಲ್ಲ, ಸಂಕಷ್ಟಿಯೂ ಇಲ್ಲ. ಅದರ ನಕ್ಷೆಯಲ್ಲಿ ಆ ಮನೆಯ ಮೇಲೆ ಕೆಂಪು ಚುಕ್ಕೆ ಬಿತ್ತು. ಮೂರನೆಯ ದಿನ ಬೆಂಗಳೂರಿನಿಂದ ತುರ್ತು ಆಹಾರದ ಕಿಟ್ಟು ಹೊರಟು ಬಂತು. ನಾನೇ ಒಯ್ದುಕೊಡಬೇಕಾಯಿತು.

ಹಿರಿಯಮ್ಮ ಅಕ್ಕಿಯ ಚೀಲ ಬಿಚ್ಚಿ, ನಾಲ್ಕು ಕಾಳು ಅಂಗೈಗೆ ಹಾಕಿ ನೋಡಿದರು. ನಮ್ಮ ಕುಚ್ಚಲಕ್ಕಿ ಅಲ್ಲ, ನಮ್ಮ ಕಡೆ ದಿನದ ಊಟಕ್ಕೆ ಹಿಡಿಸದ ಬಿಳಿ ಬೆಳ್ತಿಗೆ. ಅವರ ಮುಖದಲ್ಲಿ ಕರುಣೆ ಮೂಡಿತು. ಒಳಗಿನಿಂದ ಅರ್ಧ ಗೋಣಿ ಕುಚ್ಚಲಕ್ಕಿ ತರಿಸಿ ನನ್ನ ಆಟೋದಲ್ಲಿ ಇರಿಸಿದರು.

"ಮಾಸ್ಟ್ರೇ, ಇದನ್ನು ಕಂಪೆನಿಯವರಿಗೆ ಕಳಿಸಿ. ಪಾಪ, ದಿನಾ ಅದನ್ನೇ ಉಣ್ತಾರೆ ಅಂತ ಕಾಣ್ತದೆ."

ಹೋಟೆಲಿನ ಹನ್ನೊಂದು ಟ್ಯಾಂಕು

ನೆರಿಯದ ಟ್ಯಾಂಕುಗಳ ಫೋಟೋ ತೆಗೆದು ಆ್ಯಪಿಗೆ ಹಾಕಬೇಕು. ಯಾವ ಜಾಗ ಎಂಬುದನ್ನು ಆ್ಯಪ್ ತಾನೇ ಗುರುತಿಸಿ ನಕ್ಷೆಯಲ್ಲಿ ತೋರಿಸುತ್ತದೆ. ತೊಂದರೆ ಏನೆಂದರೆ, ಅದು ಗುರುತಿಸುವುದು ಫೋಟೋ ತೆಗೆದ ಜಾಗವನ್ನಲ್ಲ, ಕಳಿಸಿದ ಜಾಗವನ್ನು. ಇದು ನನಗೆ ಗೊತ್ತಿರಲಿಲ್ಲ. ನಾನು ಹನ್ನೊಂದು ಟ್ಯಾಂಕಿನ ಎದುರೂ ನಿಂತು ಬಿಸ್ಮಿ ಹೇಳಿ ಫೋಟೋ ತೆಗೆದೆ. ಅಲ್ಲಿ ನೆಟ್‌ವರ್ಕ್ ಇಲ್ಲ. ಗುರುವಾಯನಕೆರೆಗೆ ಬಂದು, ಹೋಟೆಲಿನಲ್ಲಿ ಚಾ ಕುಡಿಯುತ್ತಾ ಎಲ್ಲವನ್ನೂ ಒಟ್ಟಿಗೆ ಕಳಿಸಿದೆ.

ಮರುದಿನ ಮೇಡಂ ಫೋನು. ಒಂದೇ ಹೋಟೆಲಿಗೆ ಹನ್ನೊಂದು ಟ್ಯಾಂಕು ಯಾಕೆ ಕೊಟ್ಟಿದ್ದೀರಿ ಎಂದು ಕೇಳಿದರು. ನಾನು ನಡೆದದ್ದನ್ನು ಹೇಳಿದೆ. ಅವರು ನಂಬಿದರು. ಆದರೆ ನಂಬಿಕೆಯನ್ನು ತುಂಬುವ ಕಾಲಂ ಆ್ಯಪಿನಲ್ಲಿ ಇಲ್ಲವಂತೆ. ಹಾಗಾಗಿ ಪರಿಶೀಲನೆಗೆಂದು ಮಂಗಳೂರಿನಿಂದ ಒಬ್ಬರು ಬರುವುದೆಂದಾಯಿತು. ನನ್ನ ಒಂದು ಚಾದ ದೆಸೆಯಿಂದ ಮೇಲಿನ ಮನೆಗಳ ನೀರು ತಪ್ಪಿತೋ ಏನೋ.

ಬಂದವರು ನಿಯಮದ ಮನುಷ್ಯ. ನಕ್ಷೆ ತೋರಿಸಿದ ಕಡೆಗೇ ನೇರ ಹೋದರು. ಗಲ್ಲಾದಲ್ಲಿ ಕುಳಿತಿದ್ದ ಹೋಟೆಲಿನ ಯಜಮಾನರ ಎದುರು ನಿಂತು, ಕಂಪೆನಿ ಕೊಟ್ಟ ಹನ್ನೊಂದು ಟ್ಯಾಂಕನ್ನು ತೋರಿಸಬೇಕು ಎಂದರು. ಯಜಮಾನರು ಅವರನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಪಾಚಿ ಕಟ್ಟಿದ ಹಳೆಯ ಟ್ಯಾಂಕೊಂದನ್ನು ತೋರಿಸಿದರಂತೆ.

"ಒಂದು ಉಂಟು, ಅದೂ ಸೋರ್ತದೆ. ಬಾಕಿ ಹತ್ತು ಯಾವಾಗ ಇಳಿಸ್ತೀರಿ ಮಾರಾಯ್ರೇ?"

ಕೊನೆಗೆ ನಾನೇ ಆ ಪರಿಶೀಲಕರನ್ನು ಜೀಪು ಹತ್ತಿಸಿ ನೆರಿಯಕ್ಕೆ ಒಯ್ದೆ. ಅಲ್‌ಹಮ್ದುಲಿಲ್ಲಾಹ್, ಟ್ಯಾಂಕುಗಳು ಇದ್ದಲ್ಲೇ ಇದ್ದವು. ಹೋಟೆಲಿನ ಯಜಮಾನರು ಮಾತ್ರ ಈಗಲೂ ನನ್ನನ್ನು ಕಂಡರೆ ಎರಡೂ ಕೈ ಮೇಲೆತ್ತಿ ಹತ್ತು ಬೆರಳು ಬಿಡಿಸುತ್ತಾರೆ.

ಕೋಪವಿಲ್ಲದ ಹುಡುಗಿ

ಆಮೇಲೆ ಫೋನು ಮಾಡುವ ಯಂತ್ರ ಬಂತು. ಕಂಪೆನಿಯಿಂದ ಏನಾದರೂ ಪಡೆದವರಿಗೆ ಅದು ತಾನಾಗಿ ಫೋನು ಮಾಡಿ, ಹೆಣ್ಣು ದನಿಯಲ್ಲಿ ತೃಪ್ತಿಯಾಗಿದೆಯೇ ಎಂದು ಕೇಳುತ್ತದೆ. ಉತ್ತರ ತಿಳಿಯದಿದ್ದರೆ, ಕ್ಷಮಿಸಿ, ಇನ್ನೊಮ್ಮೆ ಹೇಳುವಿರಾ ಎನ್ನುತ್ತದೆ.

ವಿಟ್ಲದಲ್ಲಿ ನಮ್ಮವರೇ ಆದ ಒಬ್ಬ ಉಮ್ಮನಿಗೆ, ಅಂದರೆ ತಾಯಿಯ ವಯಸ್ಸಿನವರಿಗೆ, ಹೊಲಿಗೆ ಯಂತ್ರ ಕೊಟ್ಟಿದ್ದೆವು. ಅವರು ಸಲಾಂ ಹೇಳದೆ, ಮನೆಯವರ ಯೋಗಕ್ಷೇಮ ವಿಚಾರಿಸದೆ ಯಾರೊಡನೆಯೂ ಮಾತು ಶುರುಮಾಡುವವರಲ್ಲ. ನಿನ್ನ ಉಪ್ಪ ಹೇಗಿದ್ದಾರೆ, ಉಮ್ಮ ಹೇಗಿದ್ದಾರೆ, ನಿನಗೆ ಮದುವೆ ಆಯಿತಾ ಎಂದು ಫೋನಿನ ಯಂತ್ರವನ್ನು ಕೇಳಿದ್ದಾರೆ. ಯಂತ್ರ ಪ್ರತಿಸಲವೂ ಕ್ಷಮೆ ಕೇಳಿದೆ. ಉತ್ತರ ಸಿಗದ ಕಾರಣ ಮರುದಿನ ಮತ್ತೆ ಫೋನು ಮಾಡಿದೆ. ಹೀಗೆ ಎರಡು ವಾರ.

ಒಂದು ಶುಕ್ರವಾರ ಅಲ್ಲಿನ ಮಸೀದಿಯಲ್ಲಿ ಜುಮಾ ಮುಗಿಸಿ ಬರುವಾಗ ಉಮ್ಮ ನನ್ನನ್ನು ತಡೆದು ನಿಲ್ಲಿಸಿದರು. ಸೌದಿಯ ದಮ್ಮಾಮಿನಲ್ಲಿರುವ ತಮ್ಮ ಮಗನಿಗೆ ಫೋನಿನ ಆ ಹುಡುಗಿಯನ್ನು ಮದುವೆಗೆ ಕೇಳಬೇಕಂತೆ. ಎಷ್ಟು ಮಾತಾಡಿಸಿದರೂ ಕೋಪ ಇಲ್ಲ, ತಿರುಗಿ ಮಾತಾಡುವುದಿಲ್ಲ, ತಪ್ಪು ಇಲ್ಲದಿದ್ದರೂ ಕ್ಷಮೆ ಕೇಳುತ್ತಾಳೆ, ಇಂಥ ಹುಡುಗಿ ಈ ಕಾಲದಲ್ಲಿ ಎಲ್ಲಿ ಸಿಗುತ್ತಾಳೆ ಎಂದರು. ಅದು ಹುಡುಗಿಯಲ್ಲ, ಯಂತ್ರ ಎಂದು ನಾನು ಆದಷ್ಟು ಮೆತ್ತಗೆ ಹೇಳಿದೆ. ಉಮ್ಮ ತಲೆಯ ಶಾಲು ಸರಿಮಾಡಿಕೊಂಡರು.

"ನನಗೆ ಸಂಶಯ ಇತ್ತು. ಸೊಸೆ ಆಗುವವಳು ಇಷ್ಟು ಕ್ಷಮೆ ಕೇಳುವುದಿಲ್ಲ."

ಸಂತೋಷದ ಯಂತ್ರ

ಕೊನೆಯದ್ದು ನೆರಿಯದ್ದು. ನೆಟ್‌ವರ್ಕ್ ಇಲ್ಲದೆಯೂ ಮುಖ ನೋಡಿ ಸಂತೋಷವನ್ನು ಅಳೆಯುವ ವ್ಯವಸ್ಥೆಯೊಂದು ಟ್ಯಾಬಿಗೆ ಸೇರಿತು. ನಗುಮುಖಕ್ಕೆ ಹಸಿರು, ಇಲ್ಲದಿದ್ದರೆ ಕೆಂಪು. ಕೆಳಗಿನ ಹನ್ನೊಂದು ಮನೆಯವರ ಮುಖ ಹಸಿರಾದರೆ ಮೇಲಿನ ಮನೆಗಳಿಗೆ ನೀರು. ಅಳೆಯಲು ಮೇಡಮ್ಮೇ ಬೆಂಗಳೂರಿನಿಂದ ಬಂದರು.

ನಮ್ಮ ಕಡೆಯ ಹಿರಿಯರು ಫೋಟೋಕ್ಕೆ ನಗುವುದಿಲ್ಲ. ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಗುಂಡಿಯನ್ನೆಲ್ಲ ಹಾಕಿಕೊಂಡು, ಕೋರ್ಟಿನಲ್ಲಿ ಸಾಕ್ಷಿ ಹೇಳುವವರ ಹಾಗೆ ನಿಲ್ಲುತ್ತಾರೆ. ಅದು ಮರ್ಯಾದೆ. ಆ ದಿನವೂ ಹಾಗೆಯೇ ಸಾಲಾಗಿ ನಿಂತರು. ಟ್ಯಾಬ್ ಒಬ್ಬೊಬ್ಬರನ್ನೇ ನೋಡಿ ಕೆಂಪು, ಕೆಂಪು, ಕೆಂಪು ಎಂದಿತು. ಒಬ್ಬ ಅಜ್ಜನ ಮುಖಕ್ಕೆ ತೀವ್ರ ದುಃಖ ಎಂದು ಬರೆದುಕೊಂಡಿತು. ಅವರು ಊರಿಗೆಲ್ಲ ತಮಾಷೆಯ ಮನುಷ್ಯ. ಸ್ವಲ್ಪ ನಗ್ತೀರಾ ಎಂದು ಮೇಡಂ ಕೇಳಿಕೊಂಡರು. ಅಜ್ಜ ಇನ್ನಷ್ಟು ಬಿಗಿಯಾಗಿ, ದೊಡ್ಡವರ ಎದುರು ಹಲ್ಲು ಕಿಸಿಯುವ ಜನ ನಾವಲ್ಲ ಎಂದರು.

ನಾನು ನಗಿಸಬಹುದಿತ್ತು. ಆದರೆ ಸುಳ್ಳು ನಗುವೂ ಸುಳ್ಳು ಸಾಕ್ಷಿಯ ಹಾಗೆಯೇ ಅಲ್ಲವಾ? ಯಾ ರಬ್ಬೀ, ಇವರ ಎದೆಯೊಳಗೆ ಇರುವುದು ನಿನಗೆ ಗೊತ್ತುಂಟು, ಈ ಟ್ಯಾಬಿಗೂ ಸ್ವಲ್ಪ ತಿಳಿಸು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಆಗ ಮೇಲಿನ ಮನೆಯ ಅಕ್ಕ ಒಬ್ಬರು ಮುಂದೆ ಬಂದರು. ಇನ್ನೂ ನೀರು ಸಿಗದ ಮನೆಯವರು, ನೋಡಲೆಂದು ಇಳಿದು ಬಂದಿದ್ದರು.

"ಮೇಡಂ, ಬಂದ ಹೊತ್ತಿನಿಂದ ಬಿಸಿಲಲ್ಲಿ ನಿಂತಿದ್ದೀರಿ. ನಮ್ಮ ಮುಖ ಆಮೇಲೆ ನೋಡುವ, ಮೊದಲು ಬೆಲ್ಲ ನೀರು ಕುಡಿಯಿರಿ."

ಮೇಡಂ ಟ್ಯಾಬನ್ನು ನನ್ನ ಕೈಗೆ ಕೊಟ್ಟು ಜಗಲಿಯಲ್ಲಿ ಕುಳಿತರು. ನಳ್ಳಿಯಿಂದ ಆಗಷ್ಟೇ ಹಿಡಿದ ತಣ್ಣನೆಯ ನೀರು. ಒಂದು ತುಂಡು ಬೆಲ್ಲ ಕಡಿದು, ಒಂದು ಚೊಂಬು ಪೂರಾ ಕುಡಿದು, ಕಣ್ಣು ಮುಚ್ಚಿ, ಹಾ ಎಂದು ಮುಖ ತುಂಬ ನಕ್ಕರು. ನನ್ನ ಕೈಯಲ್ಲಿದ್ದ ಟ್ಯಾಬ್ ಅವರ ಕಡೆಗೇ ಇತ್ತು. ಟಿಂಗ್ ಎಂದು ಶಬ್ದ ಮಾಡಿ ಹಸಿರಾಯಿತು. ಫಲಾನುಭವಿ, ಅತ್ಯಂತ ಸಂತೃಪ್ತ, ನೂರಕ್ಕೆ ತೊಂಬತ್ತೆಂಟು.

ಏನಾಯಿತೆಂದು ತಿಳಿದೊಡನೆ ಮೊದಲು ಆ ಅಜ್ಜ, ಆಮೇಲೆ ಇಡೀ ನೆರಿಯ ಗೊಳ್ಳೆಂದು ನಕ್ಕಿತು. ಆ ನಗುವಿನ ಫೋಟೋ ಯಾರೂ ತೆಗೆಯಲಿಲ್ಲ. ಮೇಡಂ ಮಾತ್ರ ಒಬ್ಬೊಬ್ಬರ ಮುಖವನ್ನೂ ನೋಡಿದರು.

"ಮಾಸ್ಟ್ರೇ, ಮೇಲಿನ ಮನೆಗಳದ್ದು ಮಂಜೂರಾಯ್ತು ಅಂತ ಬರ್ಕೊಳ್ಳಿ. ನಾನೇ ಸಹಿ ಮಾಡ್ತೀನಿ. ನನ್ನ ಆ ಫೋಟೋ ಮೊದಲು ಅಳಿಸಿಬಿಡಿ."

ಅಳಿಸಲು ಹೋದೆ. ಆಗಲಿಲ್ಲ. ಒಮ್ಮೆ ದಾಖಲಾದ ಫಲಾನುಭವಿಯನ್ನು ಯಾರೂ ಅಳಿಸಬಾರದೆಂದು ಪಾರದರ್ಶಕತೆಗಾಗಿ ನಿಯಮ ಮಾಡಿದವರು ಮೇಡಮ್ಮೇ. ಬದಲಿಗೆ, ಉಳಿದ ವಿವರ ತುಂಬದೆ ಮುಂದೆ ಹೋಗುವ ಹಾಗಿಲ್ಲ ಎಂದು ಟ್ಯಾಬ್ ಹಟ ಹಿಡಿಯಿತು. ಅದು ತುಂಬದೆ ಮಂಜೂರಾತಿಯ ಪುಟವೂ ತೆರೆಯದು. ಊರಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು, ಆದಷ್ಟು ವಿನಯದಿಂದ ಕೇಳಿದೆ.

"ಕ್ಷಮಿಸಬೇಕು ಮೇಡಂ, ನಿಮ್ಮ ರೇಷನ್ ಕಾರ್ಡು ಎಪಿಎಲ್ಲಾ, ಬಿಪಿಎಲ್ಲಾ?"