ಕೀಳುವುದಕ್ಕೆಂದು ಬೆಳೆಸಿದ ಹುಲ್ಲು

ಒಣಗಿದ ಹುಲ್ಲು ನೀರು ಕುಡಿಯುವುದಿಲ್ಲ. ಆದಕಾರಣ ಅದನ್ನು ಕಿತ್ತರೆ ನೀರು ಉಳಿಯುವುದಿಲ್ಲ. ನೆವಾಡಾ ಮರಳುಗಾಡಿನ ಸೇಜ್ ಮೆಸಾ ಬಡಾವಣೆಯ ಜಲಮಂಡಳಿಯು ಈ ಸತ್ಯವನ್ನು ಸರ್ವಾನುಮತದಿಂದ ಅಂಗೀಕರಿಸಿರುತ್ತದೆ.

ಹಾರ್ಲನ್ ಟಿಬ್ಬೆಟ್ಸ್‌ಗೆ ಇದು ಗೊತ್ತಿರಲಿಲ್ಲ. ಜನರ ಮನೆಮುಂದಿನ ಹುಲ್ಲುಹಾಸು ಕಿತ್ತು, ಜಲ್ಲಿ ಹರಡಿ, ಕಳ್ಳಿ ನೆಟ್ಟು, ಹನಿ ನೀರಾವರಿಯ ಪೈಪು ಎಳೆಯುವುದು ಅವನ ಕಸುಬು. ಬರ ಬಿದ್ದ ಮೊದಲ ಬೇಸಿಗೆಯಲ್ಲೇ ತನ್ನ ಅಂಗಳದ ಹುಲ್ಲಿಗೆ ನೀರು ನಿಲ್ಲಿಸಿ, ಅದು ಒಣಗಿದ್ದನ್ನು ಬಂದವರಿಗೆಲ್ಲ ತೋರಿಸಿ ಬೀಗುತ್ತಿದ್ದ. ಅದನ್ನು ಕೀಳಲು ಮಾತ್ರ ಅವನಿಗೆ ಬಿಡುವಾಗಿರಲಿಲ್ಲ. "ಊರಿಗೆ ಉಪಕಾರಿ, ಮನೆಗೆ ಮಾರಿ," ಎನ್ನುತ್ತಿದ್ದಳು ಹೆಂಡತಿ ನೊರೀನ್.

ಈ ವರ್ಷ ಮಂಡಳಿ ಹೊಸ ನಿಯಮ ತಂದಿತು. ಅಂಗಳ ಬದಲಿಸುವ ಪ್ರತಿಯೊಬ್ಬ ಕಸುಬುದಾರನೂ ಮೊದಲು ಸ್ವಂತ ಅಂಗಳದ ಹುಲ್ಲು ಕಿತ್ತು, ಉಳಿಸಿದ ನೀರಿನ ಲೆಕ್ಕ ತೋರಿಸಿ ಪರವಾನಗಿ ಪಡೆಯತಕ್ಕದ್ದು. ಪಡೆಯದವನು ಬಡಾವಣೆಯಲ್ಲಿ ಗುದ್ದಲಿ ಮುಟ್ಟತಕ್ಕದ್ದಲ್ಲ. ಹಾರ್ಲನ್‌ಗೆ ಬೇರೆ ಯಾವ ಕೆಲಸವೂ ಬಾರದು. ಅವನು ಹೆದರಲಿಲ್ಲ. ತನಗಿಂತ ಹೆಚ್ಚು ನೀರು ಉಳಿಸಿದವನು ಯಾರಿದ್ದಾನೆ?

ಮಂಡಳಿಯ ಪರೀಕ್ಷಕಿ ಯೆಸೆನಿಯಾ ಬರಾಹಾಸ್ ಬಂದವರು ಬೂಟಿನ ತುದಿಯಿಂದ ಹುಲ್ಲನ್ನು ತಟ್ಟಿ ನೋಡಿದರು.

"ಸಾರ್, ಇದು ಸತ್ತೋಗಿದೆ."

"ನಾನೇ ಸಾಯಿಸಿದ್ದು ಮೇಡಂ! ನೀರು ಉಳ್ಸೋಕೆ."

"ಅದೇ ತಪ್ಪಾಗಿರೋದು. ನೀವು ನೀರೇ ಹಾಕ್ತಿಲ್ಲ ಅಂದ್ಮೇಲೆ ಕಿತ್ತು ಉಳಿಸೋದೇನನ್ನ?"

"ಹಾಗಾದ್ರೆ ಈಗ ಏನ್ ಮಾಡ್ಲಿ?"

"ಬದುಕ್ಸಿ. ಹಸಿರಾದ್ಮೇಲೆ ಬಂದು ನೋಡ್ತೀನಿ, ಆಮೇಲೆ ಕೀಳಿ." ಕಾರು ಹತ್ತುವಾಗ ತಿರುಗಿ, "ನೀರು ಧಾರಾಳವಾಗಿ ಹಾಕಿ ಸಾರ್, ಜಿಪುಣತನ ಮಾಡ್ಬೇಡಿ," ಎಂದು ಕಾಳಜಿಯಿಂದ ಹೇಳಿದರು.

ಹಾರ್ಲನ್ ಅಟ್ಟದಿಂದ ಸ್ಪ್ರಿಂಕ್ಲರ್ ಇಳಿಸಿ ಹುಲ್ಲಿಗೆ ನೀರು ಚಿಮ್ಮಿಸತೊಡಗಿದ. ಪಕ್ಕದ ಮನೆಯ ವೆಂಡೆಲ್ ಬೇಲಿಯ ಮೇಲೆ ಮೊಣಕೈ ಊರಿ ನಿಂತ. ಅವನ ಹುಲ್ಲನ್ನು ಹೋದ ವರ್ಷ ಹಾರ್ಲನ್ನೇ ಕಿತ್ತಿದ್ದ.

"ಏನಪ್ಪಾ, ನನ್ನನ್ನ ನೀರುಗಳ್ಳ ಅಂತ ಬೈದಿದ್ಯಲ್ಲ?"

"ಇದು ಉಳಿತಾಯದ ನೀರು, ವೆಂಡೆಲ್."

"ಓಹೋ. ನೋಡೋಕೆ ಥೇಟ್ ನೀರಿನ ಥರಾನೇ ಇದೆ."

ಬೇರು ಇನ್ನೂ ಬದುಕಿತ್ತು. ಹುಲ್ಲು ಚಿಗುರಿತು, ದಟ್ಟವಾಯಿತು. ನೊರೀನ್ ಚಪ್ಪಲಿ ಬಿಟ್ಟು ಅದರ ಮೇಲೆ ಓಡಾಡಿ, "ಅಯ್ಯೋ, ಎಷ್ಟು ತಂಪಾಗಿದೆ! ಕೀಳ್ಲೇಬೇಕಾ?" ಎಂದಳು. ಊರಿಗೆಲ್ಲ ಜಲ್ಲಿಯ ಸೊಬಗು ಬೋಧಿಸಿದ ಮಹಾನುಭಾವ ಅರ್ಧ ತಿಂದ ಸ್ಯಾಂಡ್‌ವಿಚ್ ಬದಿಗಿಟ್ಟು ಹುಲ್ಲಿನ ಮೇಲೆ ಮಗುವಿನಂತೆ ಹೊರಳಿದ. ತನ್ನ ಅವಸ್ಥೆಗೆ ತನಗೇ ನಗು ಬಂತು. ಆಮೇಲೆ ಸಂಕಟವೂ ಆಯಿತು. ಆದರೆ ಹೊಟ್ಟೆಪಾಡು ಹುಲ್ಲಿನ ಮಾತು ಕೇಳುವುದಿಲ್ಲ. ಪರೀಕ್ಷಕಿ ಬಂದು ಹುಲ್ಲು ಜೀವಂತವಾಗಿದೆಯೆಂದು ದೃಢೀಕರಿಸಿದ ಮರುದಿನವೇ ಅವನು ಅದನ್ನು ಕಿತ್ತು ಜಲ್ಲಿ ಸುರಿದ.

ಪರವಾನಗಿಯ ಜೊತೆಗೆ ಬಹುಮಾನವೂ ಬಂತು. ಸಮಾರಂಭದಲ್ಲಿ ಮಂಡಳಿಯ ಅಧ್ಯಕ್ಷರು ಗಂಭೀರವಾಗಿ ಓದಿದರು: "ಶ್ರೀ ಟಿಬ್ಬೆಟ್ಸ್ ಅವರು ಈ ಬೇಸಿಗೆಯಲ್ಲಿ ಬಡಾವಣೆಯಲ್ಲೇ ಅತ್ಯಧಿಕ ನೀರು ಬಳಸಿ, ತತ್ಪರಿಣಾಮವಾಗಿ ಅತ್ಯಧಿಕ ನೀರು ಉಳಿಸಿರುತ್ತಾರೆ." ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಉಳಿದ ನೀರು ಎಲ್ಲಿದೆ, ಜಲಾಶಯ ಇನ್ನೂ ಇಳಿದಿದೆಯಲ್ಲ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಉಳಿತಾಯದ ಅಂಕಿಅಂಶಗಳಿಗೂ ಜಲಾಶಯಕ್ಕೂ ಸಂಬಂಧವಿರುವುದಿಲ್ಲವೆಂದು ಅಧ್ಯಕ್ಷರು ಸ್ಪಷ್ಟಪಡಿಸಿದರು.

ಕಾಫಿ ಕುಡಿಯುವಾಗ ಹಾರ್ಲನ್ ಯೆಸೆನಿಯಾ ಅವರನ್ನು ಕೇಳಿದ: "ಈ ಪರವಾನಗಿ ಎಷ್ಟು ದಿನ ಇರುತ್ತೆ ಮೇಡಂ?"

"ಒಂದೇ ವರ್ಷ. ಮುಂದಿನ ವರ್ಷ ಮತ್ತೆ ಉಳಿಸ್ಬೇಕು."

"ಜಲ್ಲೀಲಿ ಇನ್ನೇನು ಉಳಿಸ್ಲಿ?"

ಅವರು ಕನಿಕರದಿಂದ ನೋಡಿದರು. "ಜಲ್ಲೀಲಿ ಏನೂ ಉಳ್ಸೋಕಾಗಲ್ಲ ಸಾರ್. ಮತ್ತೆ ಹುಲ್ಲು ಹಾಕಿ."

ವಸಂತ ಕಾಲಿಡುತ್ತಲೇ ಹಾರ್ಲನ್ ಜಲ್ಲಿ ಬಳಿದು ತೆಗೆದು, ನರ್ಸರಿಯಿಂದ ಹುಲ್ಲಿನ ಸುರುಳಿಗಳನ್ನು ತರಿಸಿ ಹಾಸತೊಡಗಿದ. ಬೀದಿಯಲ್ಲಿ ಯಾರೂ ಏಕೆಂದು ಕೇಳಲಿಲ್ಲ. ವೆಂಡೆಲ್ ಮಾತ್ರ ಬೇಲಿ ದಾಟಿ ಬಂದ.

"ನಮ್ಮನೆಗೂ ಹಾಕ್ಕೊಡಪ್ಪ. ಈ ಸಲ ನಾನೂ ಒಂದಿಷ್ಟು ನೀರು ಉಳಿಸೋಣ ಅಂತಿದೀನಿ."

"ಹಾಕ್ಕೊಡ್ತೀನಿ," ಎಂದ ಹಾರ್ಲನ್ ಹಣೆಯ ಬೆವರು ಒರೆಸಿಕೊಳ್ಳುತ್ತ. "ಕೀಳೋದು ಯಾವಾಗ ಅಂತ ಮಾತ್ರ ಈಗ್ಲೇ ಹೇಳ್ಬಿಡು. ಅಕ್ಟೋಬರಲ್ಲಿ ಎಲ್ರೂ ಕೀಳಿಸೋರೇ, ನಂಗೆ ಉಸಿರಾಡೋಕೂ ಪುರುಸೊತ್ತಿರಲ್ಲ."