ಗುಟ್ಟಿನ ವಾಲೆಟ್ಟಿನಿಂದ ಮುಯ್ಯಿ

ಮೊತ್ತ ಬರೆಯುವುದರಲ್ಲಿ ನನ್ನಷ್ಟು ಎಚ್ಚರದ ಮನುಷ್ಯ ನಮ್ಮ ಸುತ್ತಿನ ಮೂರು ತಾಲ್ಲೂಕುಗಳಲ್ಲಿ ಇಲ್ಲವೆಂದು ನಾನು ನಂಬಿಕೊಂಡಿದ್ದೆ. ಕೊಪ್ಪದಲ್ಲಿ ಕೆಲವು ವರ್ಷ, ಆಮೇಲೆ ನರಸಿಂಹರಾಜಪುರದಲ್ಲಿ, ಒಟ್ಟು ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಬೆರಳಚ್ಚುಗಾರನಾಗಿದ್ದವನು. ಅಂಕಿಯಲ್ಲಿ ಒಮ್ಮೆ, ಅಕ್ಷರದಲ್ಲಿ ಒಮ್ಮೆ, ಕೊನೆಗೆ 'ಮಾತ್ರ' ಎಂಬ ಮಾತು. ಆ 'ಮಾತ್ರ' ಇದ್ದ ಮೇಲೆ ಮುಂದೆ ಒಂದು ಸೊನ್ನೆಯನ್ನೂ ಯಾರೂ ನುಗ್ಗಿಸಲಾರರು. ಅಂಥವನು ಅರ್ಧ ನಿಮಿಷದಲ್ಲಿ ಹೆಂಡತಿಯ ನಾಲ್ಕು ಹಲ್ಲು ಕಳೆದೆ. ಕೋಪ ಇನ್ನೂ ಇಳಿದಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ.

ಹಲ್ಲೆಂದರೆ ಇನ್ನೂ ಬಾಯಿಗೆ ಬಾರದ ಹಲ್ಲು. ಶಾರದೆಗೆ ಮೇಲಿನ ಸಾಲಿನ ನಾಲ್ಕು ಹಲ್ಲು ಹೋಗಿ, ಚಕ್ಕುಲಿಯನ್ನು ಕಾಫಿಯಲ್ಲಿ ನೆನೆಸಿ ತಿನ್ನುವ ಸ್ಥಿತಿ ಬಂದು ಎರಡು ವರ್ಷವಾಗಿತ್ತು. ಶಿವಮೊಗ್ಗದ ಡಾಕ್ಟರು ಗಟ್ಟಿಯಾಗಿ ಕೂರುವ ಹಲ್ಲು ಹಾಕಲು ಮೂವತ್ತು ಸಾವಿರ ಕೇಳಿದ್ದರು. ಪಿಂಚಣಿಯಲ್ಲಿ ಉಳಿಸಿ ಉಳಿಸಿ ಅಷ್ಟು ಕೂಡಿಟ್ಟಿದ್ದೆ. ಆಗ ಶೃಂಗೇರಿಯಿಂದ ಬಂದವನು ಶಾರದೆಯ ತಮ್ಮ ರಾಘವ. ಅವನಿಗೆ ಹೊಸದಾಗಿ ಗುಟ್ಟಿನ ನಾಣ್ಯದ ಹುಚ್ಚು ಹಿಡಿದಿತ್ತು. ಮೊಬೈಲಿನೊಳಗೇ ಇರುವ, ಕೈಯಲ್ಲಿ ಹಿಡಿಯಲಾಗದ ನಾಣ್ಯ. "ಬ್ಯಾಂಕಲ್ಲಿಟ್ರೆ ಊರಿಗೆಲ್ಲ ಗೊತ್ತಾಗ್ತದೆ ಭಾವ. ಇದ್ರಲ್ಲಿ ಯಾರು ಯಾರಿಗೆ ಎಷ್ಟು ಕೊಟ್ರು ಅಂತ ದೇವರಿಗೂ ಗೊತ್ತಾಗೂದಿಲ್ಲ" ಎಂದ. ನನ್ನ ಪಿಂಚಣಿ ಎಷ್ಟೆಂದು ನಮ್ಮ ಓಣಿಗೆ ಹಾಲು ತರುವವನಿಗೂ ಗೊತ್ತು. ಯಾರಿಂದ ಮುಚ್ಚಿಡುವುದಿತ್ತೋ ಕಾಣೆ. ಆದರೂ ಒಪ್ಪಿದೆ. ಅಂದಿನ ದರದಲ್ಲಿ ಒಂದು ನಾಣ್ಯಕ್ಕೆ ಮೂವತ್ತು ಸಾವಿರದ ಹತ್ತಿರ. ಒಂದು ನಾಣ್ಯ, ಮೇಲೆ ಸ್ವಲ್ಪ ಚೂರು ನನ್ನ ಫೋನಿನ ವಾಲೆಟ್ಟಿಗೆ ಬಂತು. ಪಕ್ಕದಲ್ಲಿ ಕೂತವರು ಇಣುಕಬಾರದೆಂದು ರಾಘವ ರೂಪಾಯಿ ಲೆಕ್ಕ ಬರುವ ಕಡೆಯಲ್ಲೆಲ್ಲ ನಾಲ್ಕು ಚುಕ್ಕಿ ಮಾತ್ರ ಕಾಣುವ ಹಾಗೆ ಮಾಡಿಕೊಟ್ಟ. ಚುಕ್ಕಿ ತೆಗೆಯುವುದು ಹೇಗೆಂದು ಒಂದು ಚೀಟಿಯಲ್ಲಿ ಬರೆದೂ ಕೊಟ್ಟ.

ಎರಡು ತಿಂಗಳಿಗೆ ಅವನ ಮಗಳ ಮದುವೆ ಬಂತು. ಮುಯ್ಯಿ ಪುಸ್ತಕ ಇಡುವುದಿಲ್ಲವೆಂದು ಅವನು ಘೋಷಿಸಿದ. ಈ ಒಂದು ವಿಷಯದಲ್ಲಿ ಅವನನ್ನು ದೂರಲಾರೆ. ಮಂಟಪದ ಪಕ್ಕ ಮೇಜು ಹಾಕಿ, ಕೊಟ್ಟವರ ಹೆಸರನ್ನೂ ಮೊತ್ತವನ್ನೂ ಎದುರಿಗಿದ್ದವರಿಗೆಲ್ಲ ಕೇಳುವಂತೆ ಹೇಳಿಕೊಂಡು ಬರೆಯುವ ಆ ಪದ್ಧತಿಯಿಂದ ಎಷ್ಟು ಜನ ತಲೆ ತಗ್ಗಿಸಿ ಊಟಕ್ಕೆ ಹೋಗಿದ್ದಾರೆಂದು ನನಗೆ ಗೊತ್ತು. ನನ್ನ ಮದುವೆಯ ಪುಸ್ತಕದಲ್ಲಿ ನಮ್ಮ ಸೋದರತ್ತೆಯ ಹೆಸರಿನ ಮುಂದೆ 'ಸ್ಟೀಲ್ ಲೋಟ ಒಂದು, ಸಣ್ಣದು' ಎಂದು ಬರೆದಿದ್ದಾರೆ. ಆ 'ಸಣ್ಣದು' ಯಾಕೆ ಬೇಕಿತ್ತು? ರಾಘವನ ಕರೆಯೋಲೆಯಲ್ಲಿ ಪುಸ್ತಕದ ಬದಲು ಕ್ಯೂಆರ್ ಕೋಡ್ ಇತ್ತು. ಅದರ ಕೆಳಗೆ ಪುಟ್ಟ ಅಕ್ಷರದಲ್ಲಿ, ಐನೂರು ರೂಪಾಯಿಗೆ 0.017 ನಾಣ್ಯ, ಸಾವಿರಕ್ಕೆ ಇಷ್ಟು ಎಂದು ಪಟ್ಟಿ.

ಮದುವೆಯ ಹಿಂದಿನ ದಿನ ತಿಂಡಿಯಾದ ಮೇಲೆ ಕನ್ನಡಕ ಒರೆಸಿ ಕುಳಿತೆ. ಮೊತ್ತದ ಚೌಕದಲ್ಲಿ 0.017 ಎಂದು ಒತ್ತಿದೆ. ಅದರ ಕೆಳಗೆ, ರೂಪಾಯಿ ಇರಬೇಕಾದಲ್ಲಿ, ನಾಲ್ಕು ಚುಕ್ಕಿ. ಒಳಗಿನಿಂದ ಶಾರದೆ, "ಎಷ್ಟು ಹಾಕ್ತಿದೀರಿ?" ಎಂದು ಕೇಳಿದಳು. ಐನೂರು ಎಂದೆ. "ಸೊನ್ನೇಲಿ ಮುಗಿಸ್ಬೇಡಿ ಮಾರಾಯ್ರೆ. ತವರುಮನೆ ಮುಯ್ಯಿ. ಮೇಲೊಂದು ಇಡಿ."

ನಮ್ಮಲ್ಲಿ ಶುಭಕಾರ್ಯಕ್ಕೆ ನೂರು ಕೊಡುವುದಿಲ್ಲ, ನೂರಾ ಒಂದು ಕೊಡುತ್ತೇವೆ. ಆ ಒಂದನ್ನು ಎಲ್ಲಿ ಇಡಲಿ ಎಂದು ನೋಡಿದೆ. ದಶಮಾಂಶದ ಚುಕ್ಕೆಯ ಎಡಗಡೆ ಒಂದು ಸೊನ್ನೆ ಕೆಲಸವಿಲ್ಲದೆ ಕೂತಿತ್ತು. ಚುಕ್ಕೆಯ ಎಡಕ್ಕೆ ರೂಪಾಯಿ, ಬಲಕ್ಕೆ ಪೈಸೆ ಎಂದು ಮೂವತ್ತೊಂದು ವರ್ಷ ಟೈಪ್ ಮಾಡಿದ ಬೆರಳು ಇದು. ಸೊನ್ನೆ ಅಳಿಸಿ ಒಂದು ಇಟ್ಟೆ. 1.017. 'ಕಳುಹಿಸಿದ ಮೇಲೆ ಹಿಂಪಡೆಯಲಾಗದು, ಖಚಿತವೇ?' ಎಂದು ಕೇಳಿತು. ಖಚಿತ ಎಂದೆ. ಉಳಿದದ್ದೆಷ್ಟು ನೋಡೋಣವೆಂದು ಚೀಟಿ ಹುಡುಕಿ ಚುಕ್ಕಿ ತೆಗೆದಾಗ, ಒಂದು ರೂಪಾಯಿಯ ಬದಲು ಒಂದಿಡೀ ನಾಣ್ಯವೇ ಹೋಗಿದೆಯೆಂದು ತಿಳಿಯಿತು.

ನನ್ನ ಕೋಪ ಇಲ್ಲಿದೆ. ಬ್ಯಾಂಕಿನ ಗುಮಾಸ್ತನಾಗಿದ್ದರೆ ಕನ್ನಡಕ ಏರಿಸಿ, 'ಏನ್ ಸ್ವಾಮಿ, ಇಷ್ಟಾ?' ಎನ್ನುತ್ತಿದ್ದ. ನಮ್ಮೂರು ಸೀತೂರಿನ ಯಾವ ಅಂಗಡಿಯವನಾದರೂ ಐನೂರರ ಬದಲು ಮೂವತ್ತು ಸಾವಿರ ಎಣಿಸುವವನ ಕೈ ಹಿಡಿದುಕೊಳ್ಳುತ್ತಿದ್ದ. ಈ ದರಿದ್ರ ಯಂತ್ರ ಮಾತ್ರ ನನ್ನ ದುಡ್ಡನ್ನು ನನ್ನಿಂದಲೇ ಬಚ್ಚಿಟ್ಟು, ಖಚಿತವೇ ಎಂದು ವಿನಯದಿಂದ ಕೇಳಿತು.

ಶಾರದೆಗೆ ಹೇಳಲಿಲ್ಲ. ಮದುವೆಮನೆಯಲ್ಲಿ ರಾಘವನನ್ನು ಹಿಡಿದು ವಾಪಸ್ ಕೇಳಿದರೆ ಮುಗಿಯಿತು ಎಂದುಕೊಂಡೆ. ಆದರೆ ಊಟದ ಪಂಕ್ತಿಯಲ್ಲಿ ಅವನು ಕೈ ಮುಗಿದು, ಯಾರೋ ಪುಣ್ಯಾತ್ಮರು ಒಂದೇ ಮುಯ್ಯಿಯಲ್ಲಿ ಮೂವತ್ತು ಸಾವಿರದ ಹತ್ತಿರ ಕೊಟ್ಟಿದ್ದಾರೆ, ಹೆಸರು ಗುಟ್ಟು, ಎಂದುಬಿಟ್ಟ. ಎಲ್ಲರೂ ಕೊಪ್ಪದ ಹತ್ತಿರದ ನಾರ್ವೆ ಕಡೆಯ ಒಬ್ಬ ದೊಡ್ಡ ತೋಟದ ಯಜಮಾನರತ್ತ ತಿರುಗಿದರು. ಆ ಮಹಾಶಯರು ಅಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ. ಹೋಳಿಗೆಯ ಮೇಲೆ ಕಣ್ಣಿಟ್ಟು ಮೆಲ್ಲಗೆ ನಕ್ಕರು. ಆ ನಗುವಿನಲ್ಲಿ ಕಂಡ ಒಂದೊಂದು ಹಲ್ಲೂ ನನ್ನ ದುಡ್ಡಿನದು ಅನ್ನಿಸಿತು.

ಎಲೆ ಬಿಟ್ಟು ಎದ್ದೆ. ಉಗ್ರಾಣದ ಬಾಗಿಲಲ್ಲಿ ರಾಘವನ ರಟ್ಟೆ ಹಿಡಿದು, ಆ ಮುಯ್ಯಿ ನನ್ನದು ಎಂದೆ. ತಪ್ಪಾಗಿ ಹೋಯಿತು ಎನ್ನುವಷ್ಟರಲ್ಲಿ ಅವನೇ ಮಾತು ತೆಗೆದ.

"ಬೆಳಿಗ್ಗೆ ಸುದ್ದಿ ಹೊರಟಾಗಿಂದ ನಂದೇ ಅಂತ ಹೇಳಿದವ್ರಲ್ಲಿ ನೀವು ನಾಲ್ಕನೆಯವ್ರು ಭಾವ" ಎಂದ.

ಫೋನು ತೆಗೆದು 1.017 ತೋರಿಸಿದೆ. ಅವನು ಫೋನು ಇಸಿದುಕೊಂಡು ಅಂಕಿ ಓದಿದ. ಕಣ್ಣಲ್ಲಿ ನೀರು ಬಂತು.

"ಅಕ್ಕ ಎಲ್ರಿಗಿಂತ ಮೊದ್ಲು ಬಂದು ಹೇಳಿದ್ಲು. ನಮ್ಮನೆಯವ್ರು ಕೊಟ್ಟಿದ್ದು, ಯಾರ ಹತ್ರನೂ ಹೇಳ್ಬೇಡ ಅಂತ. ನಾನು ನಂಬ್ಲಿಲ್ಲ. ಪಿಂಚಣಿಯವ್ರು, ಕೂಡಿಟ್ಟದ್ದನ್ನೆಲ್ಲ ಎಲ್ಲಿ ಕೊಡ್ತಾರೆ ಅಂದ್ಕೊಂಡೆ. ತಪ್ಪಾಯ್ತು ಭಾವ."

ಶಾರದೆಗೆ ಗೊತ್ತಿದ್ದದ್ದು ಐನೂರಾ ಒಂದು. ತವರಿನಲ್ಲಿ ಅಷ್ಟು ಸಾಲದೆಂದು ಅವಳು ಸುಳ್ಳು ಹೇಳಿದ್ದಳು. ಆ ಸುಳ್ಳನ್ನು ನಾನು ಹಿಂದಿನ ದಿನವೇ ನಿಜ ಮಾಡಿಟ್ಟಿದ್ದೆ. ಈಗ ದುಡ್ಡು ವಾಪಸ್ ಕೇಳಿದರೆ ತಮ್ಮನ ಎದುರು ಅವಳ ಮುಖ ಏನಾಗಬೇಕು? ಅತ್ತಿಗೆ ನಾದಿನಿಯರ ನಡುವೆ ಅವಳು ಬೆನ್ನು ನೆಟ್ಟಗೆ ಮಾಡಿ ಕೂತು ಪಾಯಸ ಕುಡಿಯುತ್ತಿದ್ದಳು. ನಾನು ಫೋನು ಜೇಬಿಗೆ ಹಾಕಿಕೊಂಡೆ.

ವಾಪಸ್ ಬರುವಾಗ ಬಸ್ಸು ಕೊಪ್ಪ ದಾಟಿದ ಮೇಲೆ ಅವಳು, ಹಲ್ಲಿನ ದುಡ್ಡು ಭದ್ರವಾಗಿದೆ ತಾನೇ ಎಂದು ಕೇಳಿದಳು. ಇನ್ನು ಅದನ್ನು ನಾನೂ ಮುಟ್ಟುವ ಹಾಗಿಲ್ಲ ಎಂದೆ. ಸಾಕ್ಷಿಕಟ್ಟೆಯಲ್ಲಿ ಹೀಗೆ ಒಂದಕ್ಷರವೂ ಸುಳ್ಳಿಲ್ಲದೆ ಸುಳ್ಳು ಹೇಳಿದವರನ್ನು ಎಷ್ಟು ಸಲ ಮನಸ್ಸಿನಲ್ಲೇ ಶಪಿಸಿದ್ದೇನೋ.

"ಹಾಗಿದ್ರೆ ಒಳ್ಳೇದೇ ಆಯ್ತು" ಎಂದಳು. "ಈ ತಿಂಗಳಿಂದ ನಿಮ್ಮ ಪಿಂಚಣಿನೂ ಅದ್ರಲ್ಲೇ ಹಾಕಿ."

ಆಗಲಿ ಎಂದೆ.